ಪಾಠ ಯೋಜನೆಯಲ್ಲಿ ಇಲ್ಲದ ಬೆಂಚು

ಪ್ರಶಿಕ್ಷಣಾರ್ಥಿಗೆ ಶಾಲೆಯಲ್ಲಿ ಕುರ್ಚಿ ಇರುವುದಿಲ್ಲ. ಬಿ.ಇಡಿ. ಇಂಟರ್ನ್‌ಶಿಪ್‌ಗೆ ಹೊರಟವರು ಅಲ್ಲಿ ಏನೇನಿರುತ್ತದೆ ಎಂದು ಕೇಳಿದಾಗ ನಾನು ಹೇಳುವ ಮೊದಲ ಮಾತು ಇದು. ಅವರಿಗೆ ರುಚಿಸುವುದಿಲ್ಲ. ಮಕ್ಕಳ ಮನೋವಿಜ್ಞಾನ, ತರಗತಿ ನಿರ್ವಹಣೆ, ಕಲಿಕೆಯ ಆನಂದ ಇಂಥವುಗಳ ಬಗ್ಗೆ ನಾಲ್ಕು ಮಾತು ಕೇಳಬೇಕೆಂದು ಬಂದಿರುತ್ತಾರೆ. ಅವೆಲ್ಲ ಕಾಲೇಜಿನಲ್ಲಿ ಸಿಗುತ್ತವೆ. ಶಾಲೆಯಲ್ಲಿ ಸಿಗುವುದು ಬೇರೆ.

ನಾನು ಬಿ.ಇಡಿ. ಸೇರಿದ್ದು ತಡವಾಗಿ. ಶಿವಮೊಗ್ಗದ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ಬೇರೆಯವರ ವರದಿ ತಿದ್ದುತ್ತಿದ್ದೆ. ಪತ್ರಿಕೆ ಪುಟ ಇಳಿಸಿತು, ಪುಟದ ಜೊತೆ ನಾವು ಕೆಲವರೂ ಇಳಿದೆವು. ಹಳೆಯ ಕೆಲಸದಿಂದ ಉಳಿದ ಅಭ್ಯಾಸ ಒಂದೇ: ಕಂಡದ್ದನ್ನು ಕಂಡ ಹಾಗೆ ಗುರುತಿಟ್ಟುಕೊಳ್ಳುವುದು. ಕೆಳಗೆ ಬರೆದಿರುವುದರಲ್ಲಿ ನಾನು ಕೇಳಿ ತಿಳಿದದ್ದು ಸ್ವಲ್ಪ. ಉಳಿದದ್ದೆಲ್ಲ ಕಣ್ಣೆದುರು ನಡೆದದ್ದು.

ನನಗೆ ಸಿಕ್ಕಿದ್ದು ಭದ್ರಾವತಿಯ ಒಂದು ಪ್ರೌಢಶಾಲೆ. ಕಾರ್ಖಾನೆಯ ಕ್ವಾರ್ಟರ್ಸ್ ತುಂಬಿದ್ದ ಕಾಲದಲ್ಲಿ ಕಟ್ಟಿದ್ದು. ಕ್ವಾರ್ಟರ್ಸ್ ಖಾಲಿಯಾದ ಮೇಲೆ ಶಾಲೆಯಲ್ಲೂ ಬೀಗ ಹಾಕಿದ ಕೊಠಡಿಗಳೇ ಹೆಚ್ಚು. ಅಷ್ಟು ಕೊಠಡಿಗಳಿದ್ದರೂ ಪ್ರಶಿಕ್ಷಣಾರ್ಥಿಗಳಿಗೆ ಕೂರಲು ಕೊಟ್ಟದ್ದು ವಿಜ್ಞಾನ ಪ್ರಯೋಗಾಲಯ. ಅಲ್ಲಿ ಪ್ರಯೋಗ ನಡೆಯುತ್ತಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಿರಲಿಲ್ಲ. ಒಂದು ಕೈ ಇಲ್ಲದ ಅಸ್ಥಿಪಂಜರ, ಕಾಲು ಮುರಿದ ಸ್ಟೂಲುಗಳು, ಮೂಲೆಯಲ್ಲಿ ಹಿಂದಿನ ವರ್ಷಗಳ ಬಿ.ಇಡಿ.ಯವರು ಬಿಟ್ಟುಹೋದ ಚಾರ್ಟುಗಳ ರಾಶಿ. ಜೀರ್ಣಾಂಗವ್ಯೂಹವೇ ಎಷ್ಟು ಬಾರಿ ಬಂದಿತ್ತೆಂದರೆ, ಇಡೀ ಜಿಲ್ಲೆಯ ಹೊಟ್ಟೆ ಅಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದೆ ಅನ್ನಿಸುತ್ತಿತ್ತು.

ಮೊದಲ ದಿನ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ನಮ್ಮನ್ನು ಎಣಿಸಿ ನೋಡಿ ಸಂತೋಷಪಟ್ಟರು. ಸಂತೋಷದ ಕಾರಣ ಆಮೇಲೆ ಗೊತ್ತಾಯಿತು. ಹಾಲು ಹಂಚುವುದಕ್ಕೆ ಜನ ಬೇಕಿತ್ತು. ಬಿಸಿಯೂಟದ ಸಾಲು ನೋಡಿಕೊಳ್ಳುವುದಕ್ಕೆ ಬೇಕಿತ್ತು. ಮಕ್ಕಳ ಆಧಾರ್ ವಿವರವನ್ನು ಆನ್‌ಲೈನಿನಲ್ಲಿ ತುಂಬುವ ಕೆಲಸ ತಿಂಗಳುಗಳಿಂದ ಬಾಕಿಯಿತ್ತು. ರಜೆ ಹಾಕಿದ ಶಿಕ್ಷಕರ ತರಗತಿಯಲ್ಲಿ ಮಕ್ಕಳು ಬಾಯಿ ತೆರೆಯದ ಹಾಗೆ ಕಾಯುವುದೂ ನಮ್ಮ ಪಾಲಿಗೇ.

“ಟ್ರೈನಿಂಗ್‌ನವ್ರೇ, ಒಂಬತ್ತನೇ ಕ್ಲಾಸಿಗೆ ಯಾರಾದ್ರೂ ಹೋಗ್ರೀ” ಎನ್ನುತ್ತಿದ್ದರು ಮುಖ್ಯೋಪಾಧ್ಯಾಯರು.

“ಯಾವ ವಿಷಯ ಸರ್?”

“ವಿಷಯ ಏನ್ರೀ? ಹೋಗಿ ನಿಂತ್ಕೊಳ್ಳಿ ಸಾಕು.”

ನಮಗೆ ಮಾರ್ಗದರ್ಶನ ಮಾಡಬೇಕಿದ್ದ ಶಿಕ್ಷಕರು ಮಾರ್ಗ ತೋರಿಸಿದ್ದು ನಿಜ. ತಮ್ಮ ತರಗತಿಯ ಮಾರ್ಗ ತೋರಿಸಿ ತಾವು ಸ್ಟಾಫ್ ರೂಮಿಗೆ ಹೋದರು.

ಕಾಲೇಜಿನವರು ನಮ್ಮನ್ನು ಬಿಟ್ಟು ಹಾಕಿದ್ದರು ಎಂದಲ್ಲ. ಪಾಠ ಮಾಡುತ್ತಿರುವ ಫೋಟೋವನ್ನು, ಸ್ಥಳ ಮತ್ತು ಸಮಯ ಅದರ ಮೇಲೆಯೇ ಮೂಡಿರುವಂತೆ, ದಿನವೂ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕಿತ್ತು. ಒಬ್ಬರು ಬೋರ್ಡಿನ ಮೇಲೆ ಶೀರ್ಷಿಕೆ ಬರೆದು ಕೈ ಎತ್ತಿ ನಿಲ್ಲುವುದು, ಇನ್ನೊಬ್ಬರು ಫೋಟೋ ತೆಗೆಯುವುದು, ಬೋರ್ಡು ಒರೆಸುವುದು, ಮುಂದಿನವರು ಬರುವುದು. ಒಂದು ದಿನ ನಾನು ಸೀಮೆಸುಣ್ಣ ಕೈಗೆತ್ತಿಕೊಂಡಾಗ ಎರಡನೇ ಸಾಲಿನ ಹುಡುಗನೊಬ್ಬ ಬಹಳ ವಿನಯದಿಂದ ಕೇಳಿದ:

“ಸರ್, ಈಗ ಪಾಠಾನಾ, ಫೋಟೋನಾ?”

ಫೋಟೋ ಆದರೆ ನೆಟ್ಟಗೆ ಕೂರಬೇಕು, ಪಾಠವಾದರೆ ಹೇಗೆ ಬೇಕಾದರೂ ಕೂರಬಹುದು ಎಂಬುದು ಅವನ ಲೆಕ್ಕ. ಪ್ರಶ್ನೆ ನ್ಯಾಯವಾದದ್ದೇ.

ಇನ್ನು ವೀಕ್ಷಣೆ. ಒಬ್ಬ ಪ್ರಶಿಕ್ಷಣಾರ್ಥಿ ಪಾಠ ಮಾಡುವಾಗ ಮತ್ತೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಅದರ ಗುಣದೋಷ ದಾಖಲಿಸಬೇಕು. ಧ್ವನಿಯ ಏರಿಳಿತ: ಉತ್ತಮ. ಕಪ್ಪುಹಲಗೆಯ ಬಳಕೆ: ಉತ್ತಮ. ಇದನ್ನು ನಾವು ಬೆಳಗಿನ ಬಸ್ಸಿನಲ್ಲೇ ಬರೆದು ಮುಗಿಸುತ್ತಿದ್ದೆವು. ಪತ್ರಿಕೆಯಲ್ಲಿ ಸಭೆ ನಡೆಯುವ ಮೊದಲೇ ಸಭೆಯ ವರದಿ ಕಳಿಸಿದವರನ್ನು ಮನೆಗೆ ಕಳಿಸುತ್ತಿದ್ದರು. ಇಲ್ಲಿ ಅದಕ್ಕೆ ಅಂಕ ಕೊಡುತ್ತಿದ್ದರು.

ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು ವಿಜ್ಞಾನದ ಪ್ರಶಿಕ್ಷಣಾರ್ಥಿ, ಮೂವತ್ತೈದರ ಆಸುಪಾಸಿನ ಹೆಂಗಸು. ನಾನು ಶಿವಮೊಗ್ಗದ ಆಲ್ಕೊಳದಿಂದ ಬಂದು ಬಸ್ ನಿಲ್ದಾಣದಲ್ಲಿ ಹತ್ತುವ ಹೊತ್ತಿಗೆ ಅವರು ಟಿಫಿನ್ ಡಬ್ಬಿಯನ್ನು ಸೀಟಿನ ಮೇಲಿಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ಮಕ್ಕಳ ಮುಂದೆ ನಾವು ಪರಸ್ಪರ ಸರ್, ಮೇಡಂ ಎನ್ನಬೇಕೆಂಬ ನಿಯಮವಿತ್ತು. ಅದು ನಾಲಿಗೆಗೆ ಅಂಟಿಕೊಂಡು ಬಸ್ಸಿನಲ್ಲೂ ಹಾಗೇ ಆಯಿತು.

ಅವರಿಗೆ ಪಾಠ ಮಾಡುವುದು ಹೊಸದಲ್ಲ. ಸವಳಂಗ ರಸ್ತೆಯ ಖಾಸಗಿ ಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದರು. ಇಷ್ಟು ದಿನ ಯಾರೂ ಸರ್ಟಿಫಿಕೇಟ್ ಕೇಳಿರಲಿಲ್ಲ. ಈಗ ಆಡಳಿತ ಮಂಡಳಿಗೆ ಎಲ್ಲಿಂದಲೋ ಬಿಸಿ ತಟ್ಟಿತ್ತು. ಬಿ.ಇಡಿ. ಈ ವರ್ಷವೇ ಮುಗಿಯಬೇಕು, ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಕಾಗದ ತೋರಿಸಬೇಕು, ಇಲ್ಲವಾದರೆ ಬರುವುದು ಬೇಡ ಎಂದು ಹೇಳಿಬಿಟ್ಟಿದ್ದರು. ಅವರ ಮಗಳು ಅದೇ ಶಾಲೆಯಲ್ಲಿ ಐದನೇ ತರಗತಿ. ತಾಯಿ ಅಲ್ಲಿ ಶಿಕ್ಷಕಿ ಎಂಬ ಕಾರಣಕ್ಕೇ ಅವಳಿಗೆ ಅಲ್ಲಿ ಸೀಟು.

“ಕೆಲ್ಸ ಹೋದ್ರೆ ನನ್ನೊಬ್ಳದೇ ಅಲ್ಲ, ಅವಳ ಶಾಲೇನೂ ಹೋಗುತ್ತೆ” ಎಂದಿದ್ದರು ಒಮ್ಮೆ, ಕಿಟಕಿಯ ಕಡೆ ನೋಡುತ್ತಾ ಅಲ್ಲ, ನೇರ ನನ್ನ ಕಡೆ ನೋಡಿಯೇ. “ಅಂತಿಮ ಪಾಠ ಒಂದು ದಾಟಿದ್ರೆ ಆಯ್ತು ಮಾರಾಯ್ರೆ. ಥಿಯರಿ ನಾನು ಬರೀತೀನಿ.”

ಅಂತಿಮ ಪಾಠವೆಂದರೆ ಇಂಟರ್ನ್‌ಶಿಪ್ಪಿನ ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಮಾಡುವ ಒಂದೇ ಒಂದು ಪಾಠ. ಅದರಲ್ಲಿ ಫೇಲಾದರೆ ಮುಂದಿನ ವರ್ಷದವರ ಜೊತೆ ಮತ್ತೆ ನಿಲ್ಲಬೇಕು. ಅವರಿಗೆ ಮುಂದಿನ ವರ್ಷ ಎನ್ನುವುದು ಇರಲಿಲ್ಲ.

ಈ ಪಾಠಕ್ಕೊಂದು ಶಾಸ್ತ್ರವಿದೆ. ಪಾಠದ ಹೆಸರನ್ನು ಶಿಕ್ಷಕರು ತಾವಾಗಿ ಹೇಳಬಾರದು. ಅದು ಮಕ್ಕಳ ಬಾಯಿಂದ ಬರಬೇಕು. ದಿನನಿತ್ಯದ ಬದುಕಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾ ಹೋಗಿ, ಕೊನೆಯ ಪ್ರಶ್ನೆಗೆ ಮಕ್ಕಳು ಪಾಠದ ಹೆಸರನ್ನೇ ಉತ್ತರವಾಗಿ ಕೊಡುವಂತೆ ಮಾಡಬೇಕು. ಆಗ ಶಿಕ್ಷಕರು ಅಚ್ಚರಿಪಟ್ಟವರಂತೆ ಮುಖ ಅರಳಿಸಿ, ‘ಹೌದು ಮಕ್ಕಳೇ, ಇಂದು ನಾವು ಅದನ್ನೇ ಕಲಿಯೋಣ’ ಎನ್ನಬೇಕು. ಇನ್ನೂ ಕಲಿಯದ ಪಾಠದ ಹೆಸರು ಮಕ್ಕಳಿಗೆ ಹೇಗೆ ಗೊತ್ತಿರುತ್ತದೆ ಎಂದು ನಾನು ಕಾಲೇಜಿನಲ್ಲಿ ಕೇಳಿದ್ದೆ. ಉಪನ್ಯಾಸಕರು ಕನಿಕರದಿಂದ ನೋಡಿ, “ಅದೇ ಬೋಧನಾ ಕೌಶಲ” ಎಂದರು.

ಕೌಶಲ ಏನೆಂದು ಭದ್ರಾವತಿಯಲ್ಲಿ ತಿಳಿಯಿತು. ಎಂಟನೇ ತರಗತಿಯ ಎರಡು ವಿಭಾಗಗಳಿಂದ ಚುರುಕಾಗಿ ಬಾಯಿಬಿಡುವ ಮಕ್ಕಳನ್ನು ಆರಿಸಿ ಒಂದು ತಂಡ ಮಾಡಿದ್ದರು. ಶಾಲೆಯಲ್ಲಿ ಅದಕ್ಕೆ ‘ಫೈನಲ್ ಬ್ಯಾಚ್’ ಎಂದೇ ಹೆಸರು. ಅಂತಿಮ ಪಾಠಗಳೆಲ್ಲ ಇವರ ಮುಂದೆಯೇ. ಹಿಂದಿನ ವಾರವೇ ಪ್ರತಿ ಪ್ರಶಿಕ್ಷಣಾರ್ಥಿಯೂ ತನ್ನ ಪಾಠವನ್ನು ಈ ಮಕ್ಕಳಿಗೆ ಪೂರ್ತಿ ಮಾಡಿ, ಪ್ರಶ್ನೆ ಉತ್ತರ ಎರಡನ್ನೂ ಬಾಯಿಪಾಠ ಮಾಡಿಸಬೇಕು. ಪರೀಕ್ಷಕರು ಬಂದ ದಿನ ಮಕ್ಕಳು ಏನೂ ತಿಳಿಯದವರಂತೆ ಕುಳಿತು ಎಲ್ಲವನ್ನೂ ಹೇಳುತ್ತಾರೆ. ಮುಖ್ಯೋಪಾಧ್ಯಾಯರಿಗೆ ಈ ತಂಡದ ಬಗ್ಗೆ ಬಲು ಹೆಮ್ಮೆ. ಶಾಮಿಯಾನದವರು ಮದುವೆ ಮನೆಯವರಿಗೆ ಮಾತು ಕೊಡುವ ಗತ್ತಿನಲ್ಲಿ, “ನಮ್ ಬ್ಯಾಚ್ ಇದೆ ಬಿಡ್ರೀ, ಏನ್ ತಲೆಬಿಸಿ” ಎನ್ನುತ್ತಿದ್ದರು.

ಆರಿಸಿದ ಮೇಲೆ ಉಳಿದವರಿರುತ್ತಾರಲ್ಲ, ಅವರಿಗೆ ‘ಉಳಿದವರು’ ಎಂದೇ ಹೆಸರು. ಅಂತಿಮ ಪಾಠದ ದಿನಗಳಲ್ಲಿ ಉಳಿದವರು ಪರೀಕ್ಷಕರ ಕಣ್ಣಿಗೆ ಬೀಳದ ಹಾಗೆ ಮೈದಾನದಲ್ಲಿ ಹುಲ್ಲು ಕೀಳುತ್ತಿದ್ದರು, ಗಿಡಕ್ಕೆ ನೀರು ಹಾಕುತ್ತಿದ್ದರು, ಬೆಂಚು ಸಾಗಿಸುತ್ತಿದ್ದರು. ಫೈನಲ್ ಬ್ಯಾಚಿನವರು ಕಲಿತದ್ದನ್ನೇ ನಾಲ್ಕು ಸಲ ಕಲಿಯುವ ಹೊತ್ತಿನಲ್ಲಿ ಇವರು ಒಂದು ಸಲವೂ ಕಲಿಯುತ್ತಿರಲಿಲ್ಲ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಅದನ್ನು ಶಿಕ್ಷಕರ ತರಬೇತಿ ಎನ್ನುತ್ತಿದ್ದರು.

ನನ್ನ ಪಕ್ಕದ ಸೀಟಿನ ಮೇಡಂ ಆರಿಸಿಕೊಂಡಿದ್ದು ಘರ್ಷಣೆಯ ಪಾಠ. ಅದಕ್ಕೆ ಚಾರ್ಟ್ ಬೇಕು. ಚಾರ್ಟ್ ಇಲ್ಲದ ಪಾಠವನ್ನು ಪಾಠ ಎನ್ನುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಿ.ಇಡಿ.ಯವರಿಗೆಂದೇ ಚಾರ್ಟ್ ಮಾಡಿಕೊಡುವ ಒಂದು ಸಣ್ಣ ಅಂಗಡಿಯಿತ್ತು. ಅವರ ಜೊತೆ ನಾನೂ ಹೋಗಿದ್ದೆ.

“ಜೀರ್ಣಾಂಗ, ಹೃದಯ, ಸೌರವ್ಯೂಹ ರೆಡಿ ಇದೆ” ಎಂದರು ಅಂಗಡಿಯವರು, ತಲೆ ಎತ್ತದೆ.

“ಘರ್ಷಣೆ ಬೇಕಿತ್ತು.”

“ಘರ್ಷಣೆ ಯಾರೂ ತಗೊಳ್ಳಲ್ಲ ಮೇಡಂ. ಹೃದಯ ತಗೊಂಡ್ಹೋಗಿ, ಪಾಸಾಗುತ್ತೆ.”

“ಪಾಠ ಘರ್ಷಣೆ ರೀ. ಹೃದಯ ತಗೊಂಡು ಏನ್ ಮಾಡ್ಲಿ?”

“ಹಂಗಾದ್ರೆ ಪ್ರಿಂಟ್ ಹಾಕಿಸ್ಬೇಕು. ಪೇಪರ್ ಬೇಡ, ಫ್ಲೆಕ್ಸ್ ಮಾಡ್ಕೊಡ್ತೀನಿ. ಮಡಚಿದ್ರೂ ಏನಾಗಲ್ಲ, ನೀರು ಬಿದ್ರೂ ಏನಾಗಲ್ಲ.”

ಮಾರನೇ ದಿನ ಅದು ಸಿಕ್ಕಿತು. ಒಬ್ಬ ಮನುಷ್ಯ ಪೆಟ್ಟಿಗೆ ತಳ್ಳುತ್ತಿದ್ದಾನೆ, ಬಾಣದ ಗುರುತು ಎದುರು ದಿಕ್ಕಿಗಿದೆ. ಚುನಾವಣೆಯ ಬ್ಯಾನರಿನಷ್ಟು ದಪ್ಪ, ಅಷ್ಟೇ ನುಣುಪು.

ಅಂತಿಮ ಪಾಠದ ದಿನ ಬೆಳಗ್ಗೆ ಶಾಲೆಯ ಗೇಟಿನಲ್ಲಿ ಎರಡು ಕಾರು ನಿಂತಿದ್ದವು. ಒಂದರಲ್ಲಿ ಬಂದವರು ನಮ್ಮ ಪರೀಕ್ಷಕರು. ಇನ್ನೊಂದರಲ್ಲಿ ಬಂದವರು ಬೇರೊಂದು ಬಿ.ಇಡಿ. ಕಾಲೇಜಿನ ಪರೀಕ್ಷಕರು. ಆ ಕಾಲೇಜಿನವರೂ ಇದೇ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದರು, ಅವರಿಗೂ ಅದೇ ದಿನ, ಅವರಿಗೂ ಫೈನಲ್ ಬ್ಯಾಚೇ ಬೇಕು. ಮುಖ್ಯೋಪಾಧ್ಯಾಯರು ಇಬ್ಬರಿಗೂ ಮಾತು ಕೊಟ್ಟಿದ್ದರು.

“ಒಂದೇ ದಿನ ಇಟ್ಕೊಳ್ತಾರೆ ಅಂತ ನನಗೇನ್ ಕನಸು ಬಿದ್ದಿತ್ತೇನ್ರೀ?” ಎಂದು ಅವರು ನಮ್ಮ ಮೇಲೆಯೇ ರೇಗಿದರು. ಆಮೇಲೆ ಮಕ್ಕಳನ್ನು ಹಂಚಿದರು. ಅರ್ಧ ಗಂಟೆ ಇಲ್ಲಿ, ಅರ್ಧ ಗಂಟೆ ಅಲ್ಲಿ. ಮಕ್ಕಳು ಬ್ಯಾಗ್ ಹಿಡಿದುಕೊಂಡು ವರಾಂಡದ ಈ ತುದಿಯಿಂದ ಆ ತುದಿಗೆ ಓಡತೊಡಗಿದರು.

ನನ್ನ ಪಾಠ ಮೊದಲು ಬಂತು. ವಿಷಯ ಸ್ಥಳೀಯ ಸರ್ಕಾರ. ಯೋಜನೆಯಲ್ಲಿ ಬರೆದಿದ್ದ ಹಾಗೆ ಕೇಳಿದೆ:

“ಮಕ್ಕಳೇ, ನಮ್ಮ ಬೀದಿ ದೀಪಗಳನ್ನು ನೋಡಿಕೊಳ್ಳುವವರು ಯಾರು?”

ಆಗ ತಾನೇ ಆ ತುದಿಯ ಸಸ್ಯಗಳ ಪಾಠದಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದ ಹುಡುಗಿ ಎದ್ದು ನಿಂತು, “ಪತ್ರಹರಿತ್ತು ಸರ್” ಎಂದಳು.

ಪಕ್ಕದವಳು ಲಂಗ ಎಳೆದು ಕೂರಿಸಿದಳು. ಪರೀಕ್ಷಕರು ತಲೆ ಎತ್ತಲಿಲ್ಲ. ಉತ್ತರ ಬಂತು, ಗಟ್ಟಿಯಾಗಿ ಬಂತು, ಅವರಿಗೆ ಅಷ್ಟು ಸಾಕಿತ್ತು. ನಾನು ಒಳ್ಳೆಯ ಅಂಕಗಳಲ್ಲಿ ಪಾಸಾದೆ.

ಮೇಡಂ ಸರದಿ ಬರುವ ಹೊತ್ತಿಗೆ ಇನ್ನೊಂದು ಕಾಲೇಜಿನ ಪರೀಕ್ಷಕರಿಗೆ ರೈಲಿನ ಹೊತ್ತಾಯಿತು. ಅವರ ಪಾಠಗಳನ್ನು ಮೊದಲು ಮುಗಿಸಬೇಕು ಎಂದಾಯಿತು. ಫೈನಲ್ ಬ್ಯಾಚ್ ಇಡಿಯಾಗಿ ಆ ಕಡೆ ಹೋಯಿತು.

“ನಿಮಗೆ ಉಳಿದವರನ್ನ ಕಳಿಸ್ತೀನಿ” ಎಂದರು ಮುಖ್ಯೋಪಾಧ್ಯಾಯರು.

“ಸರ್, ನಾನು ಅವರಿಗೆ ಏನೂ ಹೇಳ್ಕೊಟ್ಟಿಲ್ಲ” ಎಂದರು ಮೇಡಂ.

“ಅವರೂ ಮಕ್ಕಳೇ ಕಣಮ್ಮ. ಇವತ್ತು ಹೇಳ್ಕೊಡಿ.”

ಮಕ್ಕಳಿಗೆ ಗೊತ್ತಿಲ್ಲದ್ದನ್ನು ಕಲಿಸಬೇಕಾಗಿ ಬಂದದ್ದು ಅಂದು ಆ ಶಾಲೆಯಲ್ಲಿ ಎಲ್ಲರಿಗೂ ಸಂಕಟವೆನಿಸಿತು. ನಾನು ಮೇಡಂ ಪಾಠದ ವೀಕ್ಷಕ. ನನ್ನ ಪುಸ್ತಕದಲ್ಲಿ ‘ಉತ್ತಮ’ ಎಂದು ಬೆಳಗ್ಗೆಯೇ ಬರೆದಾಗಿತ್ತು. ಹಿಂದಿನ ಬೆಂಚಿಗೆ ಹೋಗಿ ಕುಳಿತೆ.

ಉಳಿದವರು ಬಂದರು. ಬೆಳಗ್ಗೆಯಿಂದ ಅವರಿಗೆ ಹಳೆಯ ಸಭಾಂಗಣದ ಬೆಂಚುಗಳನ್ನು ಇನ್ನೊಂದು ಕಾಲೇಜಿನವರ ಕೊಠಡಿಗೆ ಸಾಗಿಸುವ ಕೆಲಸ. ಕಬ್ಬಿಣದ ಕಾಲಿನ ಬೆಂಚುಗಳು ಸಿಮೆಂಟ್ ನೆಲದ ಮೇಲೆ ಕಿರ್ರೆನ್ನುವುದು, ಮುಖ್ಯೋಪಾಧ್ಯಾಯರು ಹೊರಬಂದು “ಎತ್ರೋ, ಎಳೀಬೇಡ್ರೋ” ಎಂದು ಕೂಗುವುದು ನನ್ನ ಪಾಠದ ಉದ್ದಕ್ಕೂ ಕೇಳಿಸಿತ್ತು. ಎಲ್ಲರ ಕೈಯಲ್ಲೂ ತುಕ್ಕು. ಪರೀಕ್ಷಕರನ್ನು ನೋಡಿ ಬಾಗಿಲಲ್ಲೇ ನಿಂತರು. ಆ ದಿನ ತಮಗೆ ಒಳಗೆ ಜಾಗವಿದೆ ಎಂಬುದನ್ನು ಅವರು ನಂಬಲಿಲ್ಲ.

“ಬನ್ನಿ, ಕೂತ್ಕೊಳ್ಳಿ” ಎಂದರು ಮೇಡಂ.

ಪರೀಕ್ಷಕರು ಮೆತ್ತೆಯ ಕುರ್ಚಿಯಲ್ಲಿ ಕುಳಿತು ಪಾಠ ಯೋಜನೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಮೇಡಂ ಯೋಜನೆಯ ಮೊದಲ ಪ್ರಶ್ನೆ ಕೇಳಿದರು.

“ಮಕ್ಕಳೇ, ಸೈಕಲ್ ತುಳಿಯುವುದನ್ನು ನಿಲ್ಲಿಸಿದರೆ ಏನಾಗುತ್ತದೆ?”

ಮಕ್ಕಳು ಕೈಯ ತುಕ್ಕು ಉಜ್ಜಿಕೊಂಡರು.

“ಹೇಳಿ. ಸೈಕಲ್ ಯಾಕೆ ನಿಲ್ಲುತ್ತದೆ?”

“ಬ್ರೇಕ್ ಹಾಕಿದ್ರೆ ನಿಲ್ಲುತ್ತೆ ಮಿಸ್” ಎಂದ ಒಬ್ಬ.

“ನಿನ್ ಸೈಕಲ್‌ಗೆ ಬ್ರೇಕ್ ಎಲ್ಲಿದೆಯೋ?” ಎಂದ ಹಿಂದಿನವನು. ಎಲ್ಲರೂ ನಕ್ಕರು. ಕೆಂಪು ಪೆನ್ನು ಏನೋ ಬರೆಯಿತು.

ಮೇಡಂ ಕೊನೆಯ ಪ್ರಶ್ನೆಗೆ ಹಾರಿದರು. “ಚಲಿಸುವ ವಸ್ತುವನ್ನು ತಡೆಯುವುದು ಯಾವುದು?”

ಕಿಟಕಿಯ ಪಕ್ಕದಿಂದ ಒಂದು ಕೈ ಮೇಲೆದ್ದಿತು. “ಟ್ರಾಫಿಕ್ ಪೊಲೀಸ್ ಮಿಸ್.”

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಮೇಡಂ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

“ಬೆಳಗ್ಗೆಯಿಂದ ಏನ್ ಮಾಡ್ತಿದ್ರಿ ನೀವು?”

“ಬೆಂಚು ಎಳೀತಿದ್ವಿ ಮಿಸ್.” ಈ ಬಾರಿ ಎಲ್ಲರೂ ಹೇಳಿದರು.

“ಎತ್ತಿ ಅಂತ ಎಚ್ಚೆಮ್ ಹೇಳ್ತಿದ್ರಲ್ಲ?”

“ಅವ್ರು ಬಂದು ಎತ್ಲಿ ಮಿಸ್, ಗೊತ್ತಾಗುತ್ತೆ” ಎಂದಳು ಉದ್ದ ಜಡೆಯ ಒಬ್ಬ ಹುಡುಗಿ. ಪಕ್ಕದವಳು “ಸುಮ್ನಿರೇ” ಎಂದು ತಿವಿದಳು.

“ಹೇಗೆ ಎಳೆದ್ರಿ, ತೋರ್ಸಿ.”

ಇಬ್ಬರು ಎದ್ದು ಮುಂದಿನ ಖಾಲಿ ಬೆಂಚನ್ನು ಎಳೆದರು. ಅದು ಕಿರ್ರೆಂದಿತು. ಪರೀಕ್ಷಕರು ಬೆಚ್ಚಿದರು. ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಮೇಡಂ ಕೇಳಿದರು. ಜಡೆಯ ಹುಡುಗಿ ಮತ್ತೆ ಎಳೆದು ನೋಡಿ ಹೇಳಿದಳು:

“ಶುರುಗೆ ಜಾಸ್ತಿ ಎಳೀಬೇಕು ಮಿಸ್. ಹೊರಟ್ಮೇಲೆ ಅಷ್ಟು ಬೇಡ.”

“ಯಾಕೆ ಹಾಗೆ?”

“ನಿಂತಿದ್ದಾಗ ನೆಲಾನ ಕಚ್ಕೊಂಡಿರುತ್ತೆ.”

“ಇದರ ಮೇಲೆ ಇವನನ್ನ ಕೂರ್ಸಿದ್ರೆ?” ಎಂದು ಮೇಡಂ ಒಬ್ಬ ದಪ್ಪ ಹುಡುಗನ ಕಡೆ ಕೈ ತೋರಿಸಿದರು.

“ಬರೋದೇ ಇಲ್ಲ ಮಿಸ್. ಅವ್ನು ಬಿಸಿಯೂಟ ಮೂರ್ ಸಲ ಹಾಕಿಸ್ಕೊಳ್ತಾನೆ.”

“ನೀನ್ ಹಾಕಿಸ್ಕೊಳಲ್ವಾ? ನೀನ್ ಕೂತ್ಕೋ ಬಾ, ನಾನ್ ಎಳೀತೀನಿ” ಎಂದ ಅವನು.

ಅವನನ್ನು ಕೂರಿಸಿದರು. ಬೆಂಚು ಕದಲಲಿಲ್ಲ. ಇಳಿಸಿದರು, ಕದಲಿತು. ಸುಲಭವಾಗಿ ಸಾಗಬೇಕಾದರೆ ಏನು ಮಾಡಬೇಕು ಎಂದು ಮೇಡಂ ಕೇಳಿದ್ದೇ ತಡ, ನಾಲ್ಕೂ ಕಡೆಯಿಂದ ಕೂಗು. ನೀರು ಹಾಕ್ಬೇಕು. ಎಣ್ಣೆ. ಎಣ್ಣೆ ಹಾಕಿದ್ರೆ ನಾವೇ ಬೀಳ್ತೀವಲ್ಲೋ. ಚಕ್ರ ಹಾಕ್ಬೇಕು, ಗ್ಯಾಸ್ ಸಿಲಿಂಡರ್ ಟ್ರಾಲಿ ಥರ. ಕಾಲಡಿಗೆ ಏನಾದ್ರೂ ನುಣ್ಣಗಿರೋದು ಇಡ್ಬೇಕು ಮಿಸ್, ಎಂದಳು ಜಡೆಯವಳು. ಪ್ರತಿಯೊಂದಕ್ಕೂ ಯಾಕೆ ಎಂದು ಮೇಡಂ ಕೇಳುತ್ತಾ ಹೋದರು. ಮಕ್ಕಳು ಉತ್ತರಿಸುತ್ತಾ, ಒಬ್ಬರನ್ನೊಬ್ಬರು ತಿದ್ದುತ್ತಾ ಹೋದರು. ಬೆಂಚಿನ ಕಾಲಿನ ತಳವನ್ನು, ನೆಲದ ಗೀರನ್ನು ಬಗ್ಗಿ ಮುಟ್ಟಿ ನೋಡಿದರು. ಕೊನೆಗೆ ಮೇಡಂ ಬೋರ್ಡಿಗೆ ತಿರುಗಿ ದೊಡ್ಡದಾಗಿ ಒಂದೇ ಪದ ಬರೆದರು.

“ಬೆಂಚು ನೆಲಾನ ಕಚ್ಕೊಂಡಿರುತ್ತೆ ಅಂದ್ಳಲ್ಲ, ಅದಕ್ಕೆ ಪುಸ್ತಕದಲ್ಲಿ ಘರ್ಷಣೆ ಅಂತಾರೆ.”

ನಾನು ಆ ಇಂಟರ್ನ್‌ಶಿಪ್ಪಿನಲ್ಲಿ ಕಂಡ ಪಾಠ ಇದೊಂದೇ. ಉಳಿದವು ಪಾಠದ ಪ್ರದರ್ಶನಗಳು. ನನ್ನದೂ ಅದರಲ್ಲಿ ಸೇರಿದೆ.

ಮಕ್ಕಳು ಹೊರಗೆ ಹೋದ ಮೇಲೆ ಪರೀಕ್ಷಕರು ಪುಸ್ತಕದ ಹಾಳೆ ತಿರುವಿದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಧ್ವನಿ ಎತ್ತಲಿಲ್ಲ.

“ಈ ಬೆಂಚು ಯಾವ ಪುಟದಲ್ಲಿದೆಯಮ್ಮ?”

“ಇಲ್ಲ ಸರ್.”

“ಯೋಜನೆಯಲ್ಲಿ ಇಲ್ಲ.”

“ಇಲ್ಲ ಸರ್.”

“ಪಾಠದ ಹೆಸರು ನೀವೇ ಹೇಳಿಬಿಟ್ರಿ. ಚಾರ್ಟ್ ಬಿಚ್ಚಲೇ ಇಲ್ಲ. ಗಲಾಟೆ ಆಯ್ತು. ಪಾಠ ಚೆನ್ನಾಗಿರಲಿಲ್ಲ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ನಾನು ಎಲ್ಲಿ ಟಿಕ್ ಹಾಕ್ಲಿ ಹೇಳಿ?”

ಅಂಕಪಟ್ಟಿಯನ್ನು ತಿರುಗಿಸಿ ಅವರಿಗೇ ತೋರಿಸಿದರು. ನಿಜ, ಅದರಲ್ಲಿ ಮಕ್ಕಳಿಗೆ ಏನಾದರೂ ಗೊತ್ತಾಯಿತೇ ಎಂದು ಕೇಳುವ ಕಾಲಂ ಇರಲಿಲ್ಲ.

“ಈ ಲೆಕ್ಕದಲ್ಲಿ ಪಾಸ್ ಆಗಲ್ಲಮ್ಮ” ಎಂದರು. ಮೇಡಂ ಸೆರಗಿನ ತುದಿಯಲ್ಲಿ ಕೈಯ ಸುಣ್ಣದ ಪುಡಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಮುಖ್ಯೋಪಾಧ್ಯಾಯರು ಒಳಗೆ ಬಂದರು. ತಮ್ಮ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಫೇಲಾದರೆ ಮುಂದಿನ ವರ್ಷ ಕಾಲೇಜಿನವರು ಬೇರೆ ಶಾಲೆ ನೋಡಿಕೊಳ್ಳುತ್ತಾರೆ, ಹಾಲು ಹಂಚುವವರು ಇರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಸರ್, ಮಧ್ಯಾಹ್ನ ನಮ್ ಫೈನಲ್ ಬ್ಯಾಚ್ ಫ್ರೀ ಆಗುತ್ತೆ. ಇದೇ ಪಾಠ ಇನ್ನೊಂದ್ಸಲ ನೋಡಿಬಿಡಿ. ಊಟ ಇಲ್ಲೇ ಹೇಳಿದೀನಿ.”

ಪರೀಕ್ಷಕರು ಯೋಚಿಸಿದರು. ಬೆಳಗಿನ ಪಾಠ ನಡೆದೇ ಇಲ್ಲ ಎಂದುಕೊಂಡರೆ ನಿಯಮಕ್ಕೆ ಭಂಗವಿಲ್ಲ ಎಂದು ತೀರ್ಮಾನಿಸಿದರು. ಊಟಕ್ಕೆ ಎದ್ದರು.

ಪ್ರಯೋಗಾಲಯದಲ್ಲಿ ಮೇಡಂ ಡಬ್ಬಿ ಬಿಚ್ಚಿದರು, ತಿನ್ನಲಿಲ್ಲ.

“ಬೆಳಗಿನ ಪಾಠ ಚೆನ್ನಾಗಿತ್ತು ಮೇಡಂ” ಎಂದೆ. “ಅದನ್ನ ಬಿಟ್ಟು ಈಗ ಆ ನಾಟಕ ಆಡ್ತೀರಾ?”

“ಆಡ್ತೀನಿ” ಎಂದರು ತಕ್ಷಣ. “ಚೆನ್ನಾಗಿತ್ತು ಅಂತ ನೀವು ಬರ್ಕೊಟ್ರೆ ಸವಳಂಗ ರೋಡಲ್ಲಿ ಯಾರು ತಗೊಳ್ತಾರೆ ಮಾರಾಯ್ರೆ? ನನ್ನ ಮಗಳನ್ನ ಬೆಂಚಿನ ಮೇಲೆ ಕೂರ್ಸಿ ಎಳ್ಕೊಂಡು ಹೋಗ್ಲಾ? ಆ ಚಾರ್ಟಿಗೊಂದು ಮೊಳೆ ಹುಡುಕಿ ಕೊಡಿ.”

ಅಸ್ಥಿಪಂಜರ ತೂಗುಹಾಕಿದ್ದ ಮೊಳೆಯನ್ನೇ ಕಿತ್ತುಕೊಟ್ಟೆ.

ಮಧ್ಯಾಹ್ನ ಫೈನಲ್ ಬ್ಯಾಚ್ ಬಂದು ಕುಳಿತಿತು. ಕೈ ಕಟ್ಟಿ, ಬೆನ್ನು ನೆಟ್ಟಗೆ. ಬೆಳಗ್ಗೆಯಿಂದ ಓಡಾಡಿ ದಣಿದಿದ್ದರೂ ಕಸುಬು ಬಿಟ್ಟಿರಲಿಲ್ಲ. ಫ್ಲೆಕ್ಸಿನ ಮನುಷ್ಯ ಗೋಡೆಯ ಮೇಲೆ ಪೆಟ್ಟಿಗೆ ತಳ್ಳುತ್ತಿದ್ದ.

“ಮಕ್ಕಳೇ, ಸೈಕಲ್ ತುಳಿಯುವುದನ್ನು...”

“ಘರ್ಷಣೆ ಮಿಸ್!” ಎಂದರು ಮುಂದಿನ ಸಾಲಿನವರು.

“ಇರಿ” ಎಂದರು ಮೇಡಂ, ತುಟಿ ಅಲ್ಲಾಡದ ಹಾಗೆ. “ಇನ್ನೂ ಮೂರು ಪ್ರಶ್ನೆ ಇದೆ.”

ಮಕ್ಕಳು ನಾಲಿಗೆ ಕಚ್ಚಿಕೊಂಡು ಕಾದರು. ಎರಡನೆಯದಕ್ಕೆ ಎರಡನೆಯ ಉತ್ತರ ಬಂತು, ಮೂರನೆಯದಕ್ಕೆ ಮೂರನೆಯದು. ನಾಲ್ಕನೆಯ ಪ್ರಶ್ನೆ ಮುಗಿಯುತ್ತಿದ್ದಂತೆ ಇಡೀ ಕೊಠಡಿ ಒಂದೇ ಬಾಯಲ್ಲಿ ಘರ್ಷಣೆ ಎಂದಿತು. ಮೇಡಂ ಮುಖ ಅರಳಿಸಿದರು.

“ಹೌದು ಮಕ್ಕಳೇ, ಇಂದು ನಾವು ಅದನ್ನೇ ಕಲಿಯೋಣ.”

ಕೆಂಪು ಪೆನ್ನು ಟಿಕ್ ಹಾಕಿತು. ಸ್ಥಿತಿ ಘರ್ಷಣೆ ಎಂದರೇನು ಎಂದು ಪರೀಕ್ಷಕರೇ ಕೇಳಿದರು. ಹುಡುಗನೊಬ್ಬ ಎದ್ದು ಪುಸ್ತಕದ ವಾಕ್ಯವನ್ನು ಅಲ್ಪವಿರಾಮವೂ ಬಿಡದೆ ಒಪ್ಪಿಸಿದ. ಹಾಗೆಂದರೆ ಏನು ಎಂದು ಅವರು ಕೇಳಲಿಲ್ಲ. ಕೇಳುವ ಪದ್ಧತಿಯಿಲ್ಲ. ಪೂರ್ತಿ ಪಾಠಕ್ಕೆ ಕಾಯದೆ ಪುಸ್ತಕಕ್ಕೆ ಸಹಿ ಹಾಕಿ, “ಇದು ನೋಡಿ ಪಾಠ ಅಂದ್ರೆ. ಬೆಳಗ್ಗೆ ಯಾಕಮ್ಮ ಹಾಗ್ ಮಾಡಿದ್ರಿ?” ಎಂದು ಮೇಡಂ ಕೈಗೆ ಕೊಟ್ಟರು. ಮೇಡಂ ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡು ಥ್ಯಾಂಕ್ಸ್ ಸರ್ ಎಂದರು. ಪಾಸಾಗಿದ್ದರು. ಜೂನ್‌ನಲ್ಲಿ ತೋರಿಸಲು ಕಾಗದವಿರುತ್ತದೆ.

ನಾನು ವೀಕ್ಷಣಾ ಪುಸ್ತಕ ತೆಗೆದು ನೋಡಿದೆ. ಬೆಳಗ್ಗೆ ಬಸ್ಸಿನಲ್ಲಿ ಬರೆದದ್ದರಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಾಗಿರಲಿಲ್ಲ.

ಪ್ರಯೋಗಾಲಯಕ್ಕೆ ಬಂದು ಬ್ಯಾಗ್ ಕಟ್ಟುತ್ತಿದ್ದೆವು. ಮೇಡಂ ಫ್ಲೆಕ್ಸನ್ನು ಸುತ್ತಿ ಮೂಲೆಯ ರಾಶಿಯ ಮೇಲೆ ಇಡಲು ಹೊರಟಾಗ ಬಾಗಿಲಲ್ಲಿ ಜಡೆಯ ಹುಡುಗಿ ನಿಂತಿದ್ದಳು. ಹಿಂದೆ ಅವಳ ಗುಂಪು. ಬೆಂಚುಗಳನ್ನು ಸಭಾಂಗಣಕ್ಕೆ ವಾಪಸ್ ಇಡಬೇಕಾಗಿತ್ತು.

“ಮಿಸ್, ಆ ಹಳೇ ಚಾರ್ಟ್ ಒಂದು ಕೊಡ್ತೀರಾ?”

“ಏನ್ ಮಾಡ್ತೀಯ?”

“ಬೆಂಚಿನ ಕಾಲಡಿಗೆ ಹಾಕ್ತೀನಿ. ಕ್ಲಾಸಲ್ಲಿ ಹೇಳಿದ್ನಲ್ಲ.”

ಮೇಡಂ ಕಿಟಕಿಯಿಂದ ಗೇಟಿನ ಕಡೆ ನೋಡಿದರು. ಪರೀಕ್ಷಕರ ಕಾರು ಹೋಗಿತ್ತು.

“ಅವು ಪೇಪರ್, ಹರಿದು ಹೋಗುತ್ತೆ. ಇದನ್ನ ತಗೋ” ಎಂದು ಕೈಯಲ್ಲಿದ್ದ ಘರ್ಷಣೆಯನ್ನೇ ಕೊಟ್ಟರು. “ನುಣುಪು ಕಡೆ ಕೆಳಗೆ ಬರ್ಬೇಕು.”

“ಗೊತ್ತು ಮಿಸ್.”

ನಾವು ವರಾಂಡಕ್ಕೆ ಬಂದು ನೋಡಿದೆವು. ಎರಡು ಬೆಂಚುಗಳನ್ನು ಒಂದರ ಮೇಲೊಂದು ಮಗುಚಿ, ಫ್ಲೆಕ್ಸಿನ ಮೇಲೆ ನಿಲ್ಲಿಸಿ, ಅದರ ಎರಡು ತುದಿ ಹಿಡಿದು ಇಬ್ಬರೇ ಎಳೆದುಕೊಂಡು ಹೋಗುತ್ತಿದ್ದರು. ಬಿಸಿಯೂಟದ ಹುಡುಗ ಅದರ ಮೇಲೆ ಹತ್ತಿ ಕುಳಿತ. ಜಡೆಯವಳು ಬೈದು ಇಳಿಸಿದಳು. ಬೆಳಗ್ಗೆ ಇಡೀ ಶಾಲೆಗೆ ಕೇಳುವಂತೆ ಕಿರುಚಿದ್ದ ಬೆಂಚುಗಳು ಈಗ ಸದ್ದಿಲ್ಲದೆ ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆಯೇ ಹಾದುಹೋದವು. ಸದ್ದಿಲ್ಲದ್ದರಿಂದ ಅವರು ಹೊರಗೆ ಬಂದು ನೋಡಲಿಲ್ಲ.